700 ಹಡಗು ಕಳ್ಕೊಂಡೋರು ಗೆದ್ದ ಯುದ್ಧ

(ಕಳೆದ ಭಾನುವಾರ ನಮ್ಮ ಓದುಗರ ಬಳಗದಲ್ಲಿ ಮಾತಾಡಿದ್ದನ್ನ ಬರೆದುಕೊಡಿ ಅಂತ, ಬರೋಕಾಗದೇ ಇದ್ದ ಮೂರ್ನಾಲ್ಕು ಜನ ಕೇಳಿದ್ರು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ, ಮಧ್ಯೆ ಬಂದ ಪ್ರಶ್ನೆಗಳು ಅಲ್ಲಲ್ಲೇ ಇವೆ, ಮಾತಿನ ಧಾಟಿ ತಿದ್ದೋಕೆ ಹೋಗಿಲ್ಲ.)

ಎಲ್ಲರಿಗೂ ನಮಸ್ಕಾರ. ರೋಮ್ ಮತ್ತೆ ಕಾರ್ಥೇಜ್ ಯುದ್ಧ ಅಂತ ಗ್ರೂಪಲ್ಲಿ ಹಾಕಿದ ಕೂಡ್ಲೇ ಬಂದ ಮೊದಲನೇ ಮೆಸೇಜು, "ಹ್ಯಾನಿಬಲ್ ಬಗ್ಗೆ ತಾನೇ ಸರ್, ಆನೆ ಕರ್ಕೊಂಡು ಹಿಮದ ಬೆಟ್ಟ ದಾಟಿದವನು?" ಅಲ್ಲ. ಅವನು ಎರಡನೇ ಯುದ್ಧದವನು, ಕ್ರಿ.ಪೂ. 218ರಿಂದ 201. ಕಾರ್ಥೇಜ್ ಊರನ್ನೇ ಸುಟ್ಟು ನೆಲಸಮ ಮಾಡಿದ್ದು ಮೂರನೇದು, 149ರಿಂದ 146. ನಾನು ಹೇಳೋಕೆ ಹೊರಟಿರೋದು ಯಾರೂ ಕೇಳದ ಮೊದಲನೇದು. 264ರಲ್ಲಿ ಶುರು, 241ಕ್ಕೆ ಮುಕ್ತಾಯ. ಕ್ರಿ.ಪೂ. ಅಲ್ವಾ, ಅದಕ್ಕೇ ಲೆಕ್ಕ ಇಳೀತಾ ಹೋಗುತ್ತೆ, ಗಾಬರಿ ಆಗ್ಬೇಡಿ. ಒಟ್ಟು 23 ವರ್ಷ, ಮಧ್ಯೆ ಒಂದು ಒಪ್ಪಂದ ಇಲ್ಲ ಬಿಡುವಿಲ್ಲ. ಶುರುವಾದ ವರ್ಷ ಹುಟ್ಟಿದ ಮಗು, ಮುಗಿಯೋ ಹೊತ್ತಿಗೆ ಅದೇ ಯುದ್ಧದ ಹಡಗಲ್ಲಿ ಕೂತು ಹುಟ್ಟು ಹಾಕ್ತಾ ಇದ್ದಿರಬಹುದು.

ಈ ಯುದ್ಧದ ಬಗ್ಗೆ ನಮಗೆ ಗೊತ್ತಿರೋದ್ರಲ್ಲಿ ಮುಕ್ಕಾಲು ಪಾಲು ಪೊಲಿಬಿಯಸ್ ಅನ್ನೋ ಒಬ್ಬ ಗ್ರೀಕನಿಂದ. ರೋಮಿಗೆ ಒತ್ತೆಯಾಳಾಗಿ ಬಂದವನು, ಆಮೇಲೆ ಅಲ್ಲಿನ ದೊಡ್ಡ ಮನೆತನದವರಿಗೇ ಸ್ನೇಹಿತ ಆದ, 146ರಲ್ಲಿ ಕಾರ್ಥೇಜ್ ಉರಿಯುವಾಗ ರೋಮನ್ ಸೇನಾಪತಿ ಪಕ್ಕದಲ್ಲೇ ನಿಂತಿದ್ದ. ಮೊದಲನೇ ಯುದ್ಧ ಆಗಿ ನೂರು ವರ್ಷ ಆದ್ಮೇಲೆ ಬರೆದದ್ದು. ಕಾರ್ಥೇಜಿನೋರು ತಾವೇ ಬರೆದ ಈ ಯುದ್ಧದ ಇತಿಹಾಸ ಒಂದೂ ಉಳಿದಿಲ್ಲ. ಅವರ ಪರವಾಗಿ ಬರೆದ ಫಿಲಿನಸ್ ಅಂತ ಸಿಸಿಲಿಯ ಗ್ರೀಕ್ ಒಬ್ಬ ಇದ್ದ, ಅವನದೂ ಹೋಯ್ತು, ಪೊಲಿಬಿಯಸ್ ಅವನನ್ನ ಓದಿ ಬೈದಿರೋದ್ರಿಂದಲೇ ಹೆಚ್ಚಾಗಿ ಅವನ ಬಗ್ಗೆ ನಮಗೆ ಗೊತ್ತು. ಹಾಗಾಗಿ ನಾನು ಹೇಳೋದೆಲ್ಲ ಒಂದು ಕಡೆಯವರ ಕಿವಿಯಿಂದ ಕೇಳಿದ್ದು ಅಂತ ಇಟ್ಕೊಳ್ಳಿ.

ಆ ಪೊಲಿಬಿಯಸ್ ಕೊನೆಗೆ ಒಂದು ಲೆಕ್ಕ ಕೊಡ್ತಾನೆ. ಈ 23 ವರ್ಷದಲ್ಲಿ ಕಾರ್ಥೇಜ್ ಕಳ್ಕೊಂಡ ದೊಡ್ಡ ಯುದ್ಧದ ಹಡಗು ಸುಮಾರು 500. ರೋಮ್ ಕಳ್ಕೊಂಡದ್ದು, ಬಿರುಗಾಳಿಗೆ ಹೋದದ್ದೂ ಸೇರಿ, ಸುಮಾರು 700. ಗೆದ್ದೋರು ಯಾರು? 700 ಕಳ್ಕೊಂಡೋರು. ನಂಗೆ ಕಾಲೇಜಲ್ಲಿ ಓದಿದಾಗ ಇದು ಪ್ರಿಂಟಿಂಗ್ ಮಿಸ್ಟೇಕ್ ಅನ್ನಿಸಿತ್ತು. ಇವತ್ತಿನ ನನ್ನ ಮಾತೆಲ್ಲ ಇದೊಂದು ಲೆಕ್ಕ ಹೇಗೆ ತಾಳೆ ಆಗುತ್ತೆ ಅನ್ನೋದರ ಸುತ್ತಾನೇ ಇರುತ್ತೆ.

ಕಾರ್ಥೇಜ್ ಎಲ್ಲಿದೆ ಅಂತ ಮೊದಲು ನೋಡ್ಬಿಡೋಣ. ಆಫ್ರಿಕಾದ ಉತ್ತರ ದಡದಲ್ಲಿ, ಇವತ್ತಿನ ಟ್ಯುನಿಸ್ ಸಿಟಿ ಪಕ್ಕದಲ್ಲೇ. ಇವತ್ತಿನ ಲೆಬನಾನ್‌ನಲ್ಲಿರೋ ಟೈರ್ ಅನ್ನೋ ಬಂದರಿನಿಂದ ಹೋದ ಫಿನೀಷಿಯನ್ ಜನ ಕಟ್ಟಿದ್ದು, ಕಥೆ ಪ್ರಕಾರ 814ರಲ್ಲಿ. ಹೆಸರು ಅವರ ಭಾಷೇಲಿ ಖರ್ತ್ ಹದಶ್ತ್, ಅಂದ್ರೆ ಹೊಸ ಊರು. ನಮ್ಮಲ್ಲಿ ಹೊಸೂರು ಅಂತೀವಲ್ಲ ಅದೇ. ಫಿನೀಷಿಯನ್ ಅನ್ನೋದು ಲ್ಯಾಟಿನ್‌ನವರ ಬಾಯಲ್ಲಿ ಪೀನಸ್, ಪ್ಯೂನಿಕಸ್ ಆಯ್ತು, ಅದಕ್ಕೇ ಇದಕ್ಕೆ ಪ್ಯೂನಿಕ್ ಯುದ್ಧ ಅನ್ನೋ ಹೆಸರು. ವ್ಯಾಪಾರದ ಊರು, ಹಡಗಿನ ಊರು, ಸೈನಿಕರು ಮಾತ್ರ ಹೆಚ್ಚಿನವರು ದುಡ್ಡು ಕೊಟ್ಟು ಹೊರಗಿಂದ ತಂದವರು. ಇನ್ನೊಂದು ತಲೆನೋವು ಮೊದಲೇ ಹೇಳ್ಬಿಡ್ತೀನಿ, ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ ಇಡೋ ಹಾಗೆ ಅಲ್ಲಿ ಎಲ್ಲರೂ ಹ್ಯಾನಿಬಲ್, ಹ್ಯಾನೋ, ಹ್ಯಾಮಿಲ್ಕರ್ ಅಷ್ಟೇ, ಈ ಒಂದೇ ಯುದ್ಧದಲ್ಲಿ ಹ್ಯಾನೋಗಳನ್ನ ಎಣಿಸೋಕೆ ಬೆರಳು ಸಾಲಲ್ಲ.

ಆ ಕಡೆ ರೋಮ್. ಆಗಿನ್ನೂ ಸಾಮ್ರಾಜ್ಯ ಗೀಮ್ರಾಜ್ಯ ಏನೂ ಇಲ್ಲ. ಇಟಲಿಯ ದಕ್ಷಿಣದ ತುದಿಯವರೆಗೂ ಕೈ ಹಾಕಿದ್ದರು ಅಷ್ಟೇ. ನೆಲದ ಮೇಲೆ ಕಾಲಾಳು ಯುದ್ಧದಲ್ಲಿ ಗಟ್ಟಿ, ಸಮುದ್ರ ಅಂದ್ರೆ ಅಷ್ಟಕ್ಕಷ್ಟೇ. ಇವೆರಡರ ಮಧ್ಯೆ ಸಿಸಿಲಿ ದ್ವೀಪ. ಗೋಧಿ ಬೆಳೆಯೋ ನೆಲ. ಇಟಲಿಗೂ ಸಿಸಿಲಿಗೂ ನಡುವಿನ ಮೆಸ್ಸಿನಾ ಜಲಸಂಧಿ ತೀರಾ ಕಿರಿದಾದ ಕಡೆ ಬರೀ 3 ಕಿಲೋಮೀಟರ್ ಚಿಲ್ರೆ.

ಯುದ್ಧ ಶುರುವಾದ ಕಾರಣ ಕೇಳಿದ್ರೆ ನಗು ಬರುತ್ತೆ. ಮೆಸ್ಸಾನಾ ಅಂತ ಆ ಜಲಸಂಧಿ ದಡದ ಊರು, ಅದನ್ನ ಇಪ್ಪತ್ತಕ್ಕೂ ಹೆಚ್ಚು ವರ್ಷದ ಹಿಂದೆ ಕೆಲಸ ಕಳ್ಕೊಂಡ ಬಾಡಿಗೆ ಸೈನಿಕರು ಹಿಡ್ಕೊಂಡಿದ್ರು, ಊರವರೇ ಪಾಪ ಅತಿಥಿಗಳು ಅಂತ ಒಳಗೆ ಬಿಟ್ಟಿದ್ದು, ಇವರು ಗಂಡಸರನ್ನ ಕೊಂದು ಓಡಿಸಿ ಮನೆಮಠ ಹೆಂಗಸರು ಎಲ್ಲಾ ಹಂಚ್ಕೊಂಡ್ರು. ಮಾಮರ್ಟೈನ್ ಅಂತ ಹೆಸರು ಇಟ್ಕೊಂಡಿದ್ರು, ಯುದ್ಧದೇವರ ಮಕ್ಕಳು ಅಂತ ಅರ್ಥ, ರೌಡಿಗಳ ಗ್ಯಾಂಗಿಗೆ ಎಂಥ ಹೆಸರು ನೋಡಿ. ಸಿಸಿಲಿಯಲ್ಲೇ ಇದ್ದ ಸಿರಾಕ್ಯೂಸ್ ಅನ್ನೋ ಗ್ರೀಕ್ ಊರಿನ ದೊರೆ ಹಿಯರೋ ಇವರನ್ನ ಸರಿಯಾಗಿ ಬಡಿದಾಗ, ಒಂದು ಗುಂಪು ಕಾರ್ಥೇಜನ್ನ ಕರೀತು, ಇನ್ನೊಂದು ರೋಮನ್ನ. ಕಾರ್ಥೇಜಿನವರು ಮೊದಲು ಬಂದು ಕೋಟೇಲಿ ಕೂತ್ರು. ರೋಮಿನ ಸೆನೆಟ್‌ಗೆ, ಅಂದ್ರೆ ದೊಡ್ಡವರ ಸಭೆಗೆ, ನಾಚಿಕೆ, ಯಾಕಂದ್ರೆ ಸ್ವಲ್ಪ ವರ್ಷದ ಹಿಂದೆ ಎದುರು ದಡದ ರೀಜಿಯಂನಲ್ಲಿ ಇದೇ ಥರ ಊರು ಕಬಳಿಸಿದ್ದ ತಮ್ಮದೇ ಸೈನಿಕರನ್ನ ಹಿಡಿದು ರೋಮಿನ ಮಧ್ಯದಲ್ಲಿ ತಲೆ ಕಡಿಸಿದ್ರು. ಈಗ ಅಂಥವರಿಗೇ ಸಹಾಯ ಮಾಡೋದಾ? ತೀರ್ಮಾನ ಆಗಲೇ ಇಲ್ಲ, ಪೊಲಿಬಿಯಸ್ ಹೇಳೋ ಪ್ರಕಾರ ಜನರ ಸಭೆ ಹೂಂ ಅಂತು, ಲೂಟಿ ಸಿಗುತ್ತೆ ಅಂತ ಕಾನ್ಸುಲ್‌ಗಳು, ಅಂದ್ರೆ ವರ್ಷಕ್ಕಿಬ್ಬರಂತೆ ಆರಿಸೋ, ಸೇನೆಯನ್ನೂ ನಡೆಸೋ ಮುಖ್ಯಾಧಿಕಾರಿಗಳು, ಆಸೆ ಹುಟ್ಟಿಸಿದ್ರಂತೆ. 264ರಲ್ಲಿ ಅವರಲ್ಲೊಬ್ಬ ಅಪ್ಪಿಯಸ್ ಕ್ಲಾಡಿಯಸ್ ದಡ ದಾಟಿದ. ಯಾವ ಹಡಗಲ್ಲಿ? ಟಾರೆಂಟಮ್, ಲೊಕ್ರಿ, ನೇಪಲ್ಸ್ ಇಂಥ ಗ್ರೀಕ್ ಊರುಗಳಿಂದ ಎರವಲು ತಂದ ಹಡಗಲ್ಲಿ. ಕೋಟೇಲಿ ಕೂತಿದ್ದು ಊರು ಬಿಟ್ಟುಕೊಟ್ಟು ಬಂದ ತನ್ನ ಅಧಿಕಾರಿ ಹ್ಯಾನೋನನ್ನ ಕಾರ್ಥೇಜ್ ಶಿಲುಬೆಗೇರಿಸ್ತು. ಈ ಶಿಲುಬೆ ವಿಷಯ ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

ಮೊದಲ ಎರಡು ಮೂರು ವರ್ಷ ನೆಲದ ಮೇಲಿನ ಜಗಳ. ಹಿಯರೋ ಗಾಳಿ ಬಂದ ಕಡೆ ತೂರಿಕೊಂಡು ರೋಮಿನ ಕಡೆ ಸೇರ್ಕೊಂಡ, ಸಿಸಿಲಿಯ ಅಗ್ರಿಜೆಂಟಮ್ ಊರನ್ನ ಮುತ್ತಿಗೆ ಹಾಕಿ ರೋಮ್ ಹಿಡೀತು, ದೋಚ್ತು, ಜನರನ್ನ ಗುಲಾಮರಾಗಿ ಮಾರ್ತು. ಆದ್ರೆ ಒಂದು ಗೊತ್ತಾಯ್ತು, ಒಳನಾಡಿನ ಊರು ಎಷ್ಟು ಹಿಡಿದ್ರೂ ದಡದ ಊರಿಗೆ ಸಮುದ್ರದಿಂದ ಕಾರ್ಥೇಜಿನ ಹಡಗು ಬಂದು ಅನ್ನ ಹಾಕ್ತಾನೇ ಇರುತ್ತೆ, ಇಟಲಿ ದಡವನ್ನ ಬಂದು ಸುಡ್ತಾನೇ ಇರುತ್ತೆ. ಆಗ ರೋಮ್ ಹಡಗು ಕಟ್ಟೋಕೆ ಕೂತಿತು. 100 ದೊಡ್ಡವು, ಕ್ವಿಂಕ್ವೆರೀಮ್ ಅಂತ, ಜೊತೆಗೆ ಅದಕ್ಕಿಂತ ಚಿಕ್ಕವು, 20 ಟ್ರೈರೀಮ್. ಒಂದು ಕ್ವಿಂಕ್ವೆರೀಮ್‌ಗೆ 300 ಜನ ಹುಟ್ಟು ಹಾಕೋರು ಬೇಕು. ಪಾಠ ಎಲ್ಲಿಂದ? ದಡಕ್ಕೆ ಸಿಕ್ಕಿ ಹಾಕ್ಕೊಂಡ ಕಾರ್ಥೇಜಿನ ಹಡಗೊಂದು ಕೈಗೆ ಸಿಕ್ಕಿತ್ತಂತೆ, ಅದನ್ನ ಇಟ್ಕೊಂಡು ಕಾಪಿ ಹೊಡೆದ್ರು. ಹಡಗು ಕಟ್ಟೋವಷ್ಟರಲ್ಲಿ ಈ ಕಡೆ ಮರಳಿನ ಮೇಲೆ ಬೆಂಚು ಹಾಕಿಸಿ, ಹಡಗಲ್ಲಿ ಕೂರೋ ಸಾಲಿನಲ್ಲೇ ಜನರನ್ನ ಕೂರಿಸಿ, ಒಬ್ಬ ಮಧ್ಯೆ ನಿಂತು ಕೂಗಿದ ತಾಳಕ್ಕೆ ಎಲ್ಲರೂ ಮುಂದೆ ಬಾಗೋದು ಹಿಂದೆ ಎಳೆಯೋದು. ನೀರಿಲ್ಲದ ಜಾಗದಲ್ಲಿ ಈಜು ಕಲಿಸಿದ ಹಾಗೆ. ಮರ ಕಡಿದ ದಿನದಿಂದ 60 ದಿನಕ್ಕೆ ಹಡಗು ನೀರಿಗಿಳೀತು ಅಂತ ಎಷ್ಟೋ ಕಾಲದ ನಂತರದ ರೋಮನ್ ಲೇಖಕ ಪ್ಲಿನಿ ಬರೀತಾನೆ.

ಇಲ್ಲಿ ಒಬ್ರು ಮೇಡಂ ಕೈ ಎತ್ತಿದ್ರು. "60 ದಿನಕ್ಕೆ ನೂರು ಹಡಗು ಅಂದ್ರೆ ನಂಬೋ ಮಾತಾ ಇದು? ನಮ್ಮ ಮನೆ ಬಾಗಿಲು ಮಾಡಿಸೋಕೆ ಬಡಗಿ ಮೂರು ತಿಂಗಳು ತಗೊಂಡ."

ಬಹಳ ಒಳ್ಳೆ ಪ್ರಶ್ನೆ, ನಾನೂ ನಂಬಿರಲಿಲ್ಲ. ನನ್ನ ಮನಸ್ಸು ಬದಲಾಗಿದ್ದು ಮರ್ಸಾಲಾ ಹಡಗಿನ ಬಗ್ಗೆ ಓದಿದ ಮೇಲೆ. ಸಿಸಿಲಿಯ ಪಶ್ಚಿಮ ತುದಿಯಲ್ಲಿ ಮರ್ಸಾಲಾ ಅಂತ ಊರಿದೆ, ಆ ಕಾಲದ ಲಿಲಿಬೇಯಂ. 1971ರಲ್ಲಿ ಹಾನರ್ ಫ್ರಾಸ್ಟ್ ಅನ್ನೋ ಮಹಿಳೆ, ನೀರೊಳಗೆ ಉತ್ಖನನ ಮಾಡೋದನ್ನೇ ಶಾಸ್ತ್ರವಾಗಿ ಬೆಳೆಸಿದ ಮೊದಲಿಗರಲ್ಲಿ ಒಬ್ಬರು, ಅಲ್ಲಿ ಮರಳಿನಡಿ ಕಾರ್ಥೇಜಿನ ಒಂದು ಹಡಗನ್ನ ಗುರುತು ಹಿಡಿದು ಮುಂದೆ ಅಗೆಸಿದ್ರು, ಇದೇ ಕಾಲದ್ದು, ಈಗ ಅಲ್ಲಿನ ಮ್ಯೂಸಿಯಮ್ಮಲ್ಲಿದೆ. ಅದರ ಹಲಗೆಗಳ ಮೇಲೆ ಬಡಗಿಗಳು ಫಿನೀಷಿಯನ್ ಅಕ್ಷರದಲ್ಲಿ ಗುರುತು ಬರೆದಿದ್ರು. ಯಾವ ಹಲಗೆ ಎಲ್ಲಿ ಕೂರಬೇಕು ಅನ್ನೋ ಗುರುತು. ಈಗ ಫರ್ನಿಚರ್ ಬಾಕ್ಸಲ್ಲಿ ಬರುತ್ತಲ್ಲ, ಎ ತುಂಡನ್ನ ಬಿ ತುಂಡಿಗೆ ಸೇರಿಸಿ ಅಂತ, ಅದೇ ಪದ್ಧತಿ. ಅಂದ್ರೆ ಕಾರ್ಥೇಜಿನವರು ಒಂದೊಂದು ಹಡಗನ್ನ ಒಬ್ಬ ಮೇಸ್ತ್ರಿ ಕೂತು ಕೆತ್ತೋ ಥರ ಕಟ್ತಾ ಇರಲಿಲ್ಲ, ಅಚ್ಚು ಹಾಕಿ ಇಳಿಸ್ತಾ ಇದ್ರು. ಅಂಥಾ ಒಂದು ಹಡಗು ಎದುರಾಳಿ ಕೈಗೆ ಸಿಕ್ರೆ, ಮಾಡೋ ವಿಧಾನ ಸಮೇತ ಸಿಕ್ಕ ಹಾಗೆ. ರೋಮಿನವರು ಸಮುದ್ರವನ್ನೇ ಕಂಡಿರಲಿಲ್ಲ ಅನ್ನೋದು ಪೊಲಿಬಿಯಸ್‌ನ ಉತ್ಪ್ರೇಕ್ಷೆ ಅಂತಲೇ ನನ್ನ ಅಭಿಪ್ರಾಯ, ಚಿಕ್ಕಪುಟ್ಟ ಹಡಗುಪಡೆ ಅವರಿಗೆ ಮುಂಚೇನೂ ಇತ್ತು, ಗ್ರೀಕ್ ಊರುಗಳ ಬಡಗಿಗಳು, ಅಂಬಿಗರು ಜೊತೆಗಿದ್ರು. ಆದ್ರೂ ಈ ಪ್ರಮಾಣದಲ್ಲಿ ಇದೇ ಮೊದಲು.

ಹೊಸ ಹಡಗಿನ ಮೊದಲ ಬೋಣಿ ಅಪಶಕುನ. 260ರಲ್ಲಿ ಕಾನ್ಸುಲ್ ನೀಯಸ್ ಕಾರ್ನೀಲಿಯಸ್ ಸಿಪಿಯೋ 17 ಹಡಗು ತಗೊಂಡು ಲಿಪಾರಾ ದ್ವೀಪಕ್ಕೆ ಹೋಗಿ ಬಂದರಿನಲ್ಲಿ ಸಿಕ್ಕಿಬಿದ್ದ, ಹಡಗು ಅಷ್ಟೂ ಹೋಯ್ತು, ಅವನೂ ಸೆರೆ. ಅವನ ಅಡ್ಡಹೆಸರು ಆಸಿನಾ, ಹೆಣ್ಣು ಕತ್ತೆ ಅಂತ ಅರ್ಥ. ಆದ್ರೆ ನೋಡಿ, ಬಿಡುಗಡೆಯಾಗಿ ಬಂದ ಮೇಲೆ ಅದೇ ಕತ್ತೆಯನ್ನ 254ರಲ್ಲಿ ಮತ್ತೆ ಕಾನ್ಸುಲ್ ಮಾಡಿದ್ರು, ಆ ವರ್ಷವೇ ಪನೋರ್ಮಸ್, ಅಂದ್ರೆ ಇವತ್ತಿನ ಪಲೆರ್ಮೋ, ರೋಮಿನ ಪಾಲಾಯ್ತು. ಅವನನ್ನ ಹಿಡಿಸಿದ ಕಾರ್ಥೇಜಿನ ಸೇನಾಪತಿ ಹ್ಯಾನಿಬಲ್, ದೊಡ್ಡ ಹ್ಯಾನಿಬಲ್ ಅಲ್ಲ ಇವನು ಬೇರೆ, ಆಮೇಲೆ ಸೋತಾಗ ಅವನ ಕಡೆಯವರೇ ಶಿಲುಬೆಗೇರಿಸಿದ್ರು. ಒಂದು ಕಡೆ ಸೋತವನಿಗೆ ಇನ್ನೊಂದು ಚಾನ್ಸು, ಇನ್ನೊಂದು ಕಡೆ ಮೊಳೆ. ಯಾವ ಸೇನಾಪತಿ ಧೈರ್ಯವಾಗಿ ಕೈ ಹಾಕ್ತಾನೆ ಹೇಳಿ.

ಆಮೇಲೆ ಬಂದದ್ದು ಕಾಗೆ. ಲ್ಯಾಟಿನ್‌ನಲ್ಲಿ ಕೊರ್ವಸ್ ಅಂತೀವಿ. ಹಡಗಿನ ಮುಂದೆ ಒಂದು ಕಂಬ, ಕಂಬಕ್ಕೆ ಹಗ್ಗದಿಂದ ಎತ್ತಿ ನಿಲ್ಲಿಸಿದ ಮರದ ಸೇತುವೆ, 36 ಅಡಿ ಉದ್ದ 4 ಅಡಿ ಅಗಲ, ತುದಿಯ ಅಡಿಗೆ ಹದ್ದಿನ ಕೊಕ್ಕಿನ ಹಾಗೆ ಕಬ್ಬಿಣದ ಮೊಳೆ. ಎದುರು ಹಡಗು ಹತ್ರ ಬಂದಾಗ ಹಗ್ಗ ಬಿಟ್ರೆ ಧಡಾರ್ ಅಂತ ಬಿದ್ದು ಮೊಳೆ ಅದರ ಹಲಗೆಗೆ ಕಚ್ಕೊಳ್ಳುತ್ತೆ, ಸೈನಿಕರು ಇಬ್ಬಿಬ್ಬರಾಗಿ ಓಡ್ತಾರೆ. ಆ ಕಾಲದ ಸಮುದ್ರಯುದ್ಧ ಅಂದ್ರೆ ಹಡಗಿನ ಮೂತಿಗೆ ಹಾಕಿದ ಕಂಚಿನ ಗುದ್ದುಮೂತಿಯಿಂದ ಎದುರಾಳಿ ಪಕ್ಕೆಗೆ ಗುದ್ದಿ ಸೀಳೋದು, ಅದಕ್ಕೆ ಚುರುಕು ಬೇಕು, ವರ್ಷಗಟ್ಟಲೆ ಪಳಗಬೇಕು. ರೋಮಿನವರು, ಆ ಆಟ ನಮಗೆ ಬರಲ್ಲ, ಬನ್ನಿ ಸಮುದ್ರದ ಮಧ್ಯದಲ್ಲೇ ನೆಲದ ಯುದ್ಧ ಮಾಡೋಣ ಅಂದ್ರು. ಅದೇ ವರ್ಷ ಸಿಸಿಲಿಯ ಮೈಲೇ ಹತ್ರ ಇನ್ನೊಬ್ಬ ಕಾನ್ಸುಲ್ ಗಾಯಸ್ ಡುಯಿಲಿಯಸ್ ಗೆದ್ದ, ಕಾರ್ಥೇಜಿಗೆ 50 ಹಡಗು ನಷ್ಟ. ಡುಯಿಲಿಯಸ್‌ಗೆ ರೋಮಲ್ಲಿ ಸಿಕ್ಕ ಗೌರವ ಏನು ಗೊತ್ತಾ, ರಾತ್ರಿ ಊಟ ಮುಗಿಸಿ ಮನೆಗೆ ವಾಪಸ್ ಹೋಗುವಾಗ ಮುಂದೆ ಒಬ್ಬ ಪಂಜು ಹಿಡ್ಕೊಂಡು, ಇನ್ನೊಬ್ಬ ಕೊಳಲು ಊದ್ಕೊಂಡು ಹೋಗೋದು. ಜೀವನ ಪೂರ್ತಿ. ಅಕ್ಕಪಕ್ಕದ ಮನೆಯವರು ನಿದ್ದೆ ಹೇಗೆ ಮಾಡ್ತಿದ್ರೋ.

256ರಲ್ಲಿ ಸಿಸಿಲಿಯ ದಕ್ಷಿಣ ದಡದ ಎಕ್ನೋಮಸ್ ಹತ್ರ ಸಮುದ್ರಯುದ್ಧ. ಪೊಲಿಬಿಯಸ್ ಲೆಕ್ಕದಲ್ಲಿ ರೋಮಿನದು 330 ಹಡಗು, ಕಾರ್ಥೇಜಿನದು 350, ಜನ ಎರಡೂ ಕಡೆ ಸೇರಿ ಹತ್ತಿರ ಹತ್ತಿರ 2 ಲಕ್ಷ 90 ಸಾವಿರ. ಈ ಸಂಖ್ಯೆ ಬಗ್ಗೆ ವಿದ್ವಾಂಸರಲ್ಲಿ ಜಗಳ ಇದೆ, ಕೊನೆಗೆ ಬರ್ತೀನಿ. ರೋಮ್ ಗೆದ್ದು ನೇರ ಆಫ್ರಿಕಾಕ್ಕೇ ಇಳೀತು. ರೆಗ್ಯುಲಸ್ ಅನ್ನೋ ಕಾನ್ಸುಲ್ 15 ಸಾವಿರ ಕಾಲಾಳು, 500 ಕುದುರೆಯೊಂದಿಗೆ ಅಲ್ಲೇ ಉಳ್ಕೊಂಡು ಟ್ಯುನಿಸ್ ಹಿಡಿದ, ಕಾರ್ಥೇಜ್ ಸಂಧಿಗೆ ಬಂತು. ಇವನು ಹಾಕಿದ ಷರತ್ತು ಎಷ್ಟು ಬಿಗಿಯಾಗಿತ್ತು ಅಂದ್ರೆ ಅವರಿಗೆ, ಸೋತ್ರೂ ಇದಕ್ಕಿಂತ ಹೆಚ್ಚೇನೂ ಆಗಲ್ಲವಲ್ಲ ಅನ್ನಿಸ್ತು. ಸ್ಪಾರ್ಟಾದ ಬಾಡಿಗೆ ಸೇನಾನಿ ಕ್ಸಾಂಥಿಪ್ಪಸ್ ಬಂದು, ನಿಮ್ಮ ಹತ್ರ ಆನೆ ಇದೆ ಕುದುರೆ ಇದೆ, ಗುಡ್ಡದಲ್ಲಿ ಯಾಕ್ರಪ್ಪಾ ಹೋರಾಡ್ತೀರಾ ಬಯಲಿಗೆ ಬನ್ನಿ ಅಂದ. 255ರಲ್ಲಿ ಸುಮಾರು 100 ಆನೆ ನುಗ್ಗಿಸಿ ರೋಮಿನ ಸೇನೆಯನ್ನ ಪುಡಿ ಮಾಡಿದ್ರು, ತಪ್ಪಿಸ್ಕೊಂಡೋರು 2 ಸಾವಿರ, ರೆಗ್ಯುಲಸ್ ಸೆರೆ. ಅವನನ್ನ ಚಿತ್ರಹಿಂಸೆ ಕೊಟ್ಟು ಕೊಂದ್ರು ಅಂತ ರೋಮನ್ನರ ದೊಡ್ಡ ಕಥೆ ಇದೆ. ಪೊಲಿಬಿಯಸ್ ಅದರ ಬಗ್ಗೆ ತುಟಿ ಬಿಚ್ಚಲ್ಲ, ನಾನೂ ನಂಬಲ್ಲ.

ಆನೆ ಅಂದಾಗ ಹಿಂದಿನ ಸಾಲಿನ ಹುಡುಗ ಕೇಳಿದ, "ಸರ್, ಆನೆ ನಮ್ಮ ಕಡೆಯಿಂದ ಹೋಗಿದ್ದಾ?" ಇಲ್ಲಪ್ಪಾ, ಅದು ಉತ್ತರ ಆಫ್ರಿಕಾದ ಕಾಡಾನೆ, ದಸರೆಯಲ್ಲಿ ನೋಡ್ತೀವಲ್ಲ ಅದಕ್ಕಿಂತ ಚಿಕ್ಕದು, ಈಗ ಆ ತಳಿಯೇ ಉಳಿದಿಲ್ಲ. ಆದ್ರೆ ಒಂದು ತಮಾಷೆ, ಪೊಲಿಬಿಯಸ್ ಮಾವುತರನ್ನ 'ಇಂಡಿಯನ್ನರು' ಅಂತಾನೇ ಕರೀತಾನೆ. ಆನೆ ಪಳಗಿಸೋ ವಿದ್ಯೆ ಅಲೆಕ್ಸಾಂಡರ್ ಆದ್ಮೇಲೆ ನಮ್ಮ ಕಡೆಯಿಂದ ಗ್ರೀಕರಿಗೆ ಹೋದದ್ದು, ಆಮೇಲೆ ಯಾವ ದೇಶದವನೇ ಆನೆ ಮೇಲೆ ಕೂತ್ರೂ ಅವನಿಗೆ ಅದೇ ಹೆಸರು ಅಂಟ್ಕೊಳ್ತು. 250ರಲ್ಲಿ ಪನೋರ್ಮಸ್ ಹತ್ರ ಮೆಟೆಲಸ್ ಅನ್ನೋ ರೋಮನ್ ಈ ಆನೆಗಳನ್ನ ಕಂದಕದ ಹತ್ರಕ್ಕೆ ಎಳೆದು ಈಟಿ ಎಸೆದು ಹಿಡಿದ, ಅವನ ವಂಶದವರು ನೂರಾರು ವರ್ಷ ಆದ್ಮೇಲೂ ನಾಣ್ಯದ ಮೇಲೆ ಆನೆ ಹಾಕಿಸ್ತಾ ಇದ್ರು.

ಈಗ ನನ್ನ ನಿಜವಾದ ವಿಷಯಕ್ಕೆ ಬರ್ತೀನಿ. 255ರಲ್ಲಿ ಆ ಉಳಿದ 2 ಸಾವಿರ ಜನರನ್ನ ಕರ್ಕೊಂಡು ಬರೋಕೆ ರೋಮಿನ ಹಡಗುಪಡೆ ಹೋಯ್ತು, ದಾರೀಲಿ ಒಂದು ದೊಡ್ಡ ಯುದ್ಧ ಗೆದ್ದು ಎದುರಾಳಿಯ ಹಡಗುಗಳನ್ನೂ ಹಿಡ್ಕೊಂಡು ವಾಪಸ್ ಬರ್ತಾ ಇತ್ತು. ಜುಲೈ ತಿಂಗಳು. ಸಿಸಿಲಿಯ ದಕ್ಷಿಣದ ದಡದಲ್ಲಿ ಈ ಕಾಲದಲ್ಲಿ ಹೋಗ್ಬೇಡಿ, ನಿಲ್ಲೋಕೆ ಬಂದರಿಲ್ಲ, ಗಾಳಿ ಕೆಟ್ಟದು ಅಂತ ಹಡಗು ನಡೆಸೋರು ಬಾಯಿ ಬಡ್ಕೊಂಡ್ರು. ಕಾನ್ಸುಲ್‌ಗಳು ಕೇಳಲಿಲ್ಲ, ದಾರೀಲಿ ಇನ್ನೂ ಒಂದೆರಡು ಊರನ್ನ ಹೆದರಿಸಿ ಒಲಿಸ್ಕೊಳ್ಳೋ ಆಸೆ. ಕಮರೀನಾ ಹತ್ರ ಬಿರುಗಾಳಿ ಎದ್ದು 364 ಹಡಗಲ್ಲಿ 80 ಉಳೀತು. ಇನ್ನೊಂದ್ಸಲ ಹೇಳ್ತೀನಿ, 364ರಲ್ಲಿ 80. ಒಂದೊಂದ್ರಲ್ಲೂ ನೂರಾರು ಜನ. ದಡದ ಉದ್ದಕ್ಕೂ ಹೆಣ, ಮುರಿದ ಹಲಗೆ. ಆ ಕಾಗೆ ಸೇತುವೆ ಇತ್ತಲ್ಲ, ಹಡಗಿನ ಮೂತಿ ಮೇಲೆ ಅಷ್ಟು ಭಾರ ಎತ್ತಿ ನಿಲ್ಲಿಸಿದ್ರಿಂದಲೇ ಅಲೆಗೆ ಮಗುಚಿತು ಅಂತ ಕೆಲವು ಇತಿಹಾಸಕಾರರ ಊಹೆ, ಆಮೇಲೆ ಅದರ ಸುದ್ದಿಯೇ ಬರಲ್ಲ. ಪೊಲಿಬಿಯಸ್ ಇಲ್ಲಿ ಒಂದು ಮಾತು ಹೇಳ್ತಾನೆ, ರೋಮನ್ನರು ಎಲ್ಲದಕ್ಕೂ ಬಲ ಹಾಕೋರು, ಮನುಷ್ಯರ ಮೇಲೆ ಅದು ನಡೆಯುತ್ತೆ, ಸಮುದ್ರ ಗಾಳಿ ಮೇಲೆ ನಡೆಯಲ್ಲ ಅಂತ.

ಸರಿ, ಬೇರೆಯವರಾಗಿದ್ರೆ ಇಲ್ಲಿಗೆ ನಿಲ್ಲಿಸ್ತಿದ್ರು. ಇವರು ಮೂರೇ ತಿಂಗಳಲ್ಲಿ ಮತ್ತೆ 220 ಹಡಗು ಕಟ್ಟಿದ್ರು. 253ರಲ್ಲಿ ಅದನ್ನ ತಗೊಂಡು ಆಫ್ರಿಕಾ ದಡಕ್ಕೆ ಹೋಗಿ, ಜೆರ್ಬಾ ದ್ವೀಪದ ಹತ್ರ ನೀರು ಇಳಿದು ಹಡಗುಗಳು ನೆಲಕ್ಕೆ ಕೂತ್ಕೊಂಡವು, ಏನು ಮಾಡಬೇಕು ತೋಚದೆ ಕೂತಿದ್ದಾಗ ನೀರು ಮತ್ತೆ ಏರಿತು, ಸಾಮಾನೆಲ್ಲ ಎಸೆದು ತಪ್ಪಿಸ್ಕೊಂಡ್ರು, ವಾಪಸ್ ಬರೋವಾಗ ಮತ್ತೆ ಬಿರುಗಾಳಿ, ಮತ್ತೆ 150ಕ್ಕೂ ಹೆಚ್ಚು ಹಡಗು ನೀರುಪಾಲು. ಆಗ ಸಾಕಪ್ಪಾ ಅಂತ ಸ್ವಲ್ಪ ವರ್ಷ ಬಿಟ್ರು.

249 ಇನ್ನೂ ಕೆಟ್ಟ ವರ್ಷ. ಪಬ್ಲಿಯಸ್ ಕ್ಲಾಡಿಯಸ್ ಪುಲ್ಕರ್ ಅಂತ ಕಾನ್ಸುಲ್, ಸಿಸಿಲೀಲಿ ಕಾರ್ಥೇಜಿನ ಕೈಲಿದ್ದ ಡ್ರೆಪಾನಾ ಬಂದರಿನ ಮೇಲೆ ಬೆಳಗಾಗೋ ಹೊತ್ತಿಗೆ ಬೀಳೋ ಪ್ಲಾನು. ಯುದ್ಧಕ್ಕೆ ಮುಂಚೆ ಶಕುನ ನೋಡಬೇಕು, ಪಂಜರದ ಕೋಳಿಗೆ ಕಾಳು ಹಾಕ್ತಾರೆ, ತಿಂದ್ರೆ ಶುಭ. ಕೋಳಿ ತಿನ್ನಲಿಲ್ಲ. ತಿನ್ನಲ್ವಾ, ಹಾಗಾದ್ರೆ ನೀರು ಕುಡೀಲಿ ಅಂತ ಎತ್ತಿ ಸಮುದ್ರಕ್ಕೆ ಎಸೆದನಂತೆ. ಇದು ಆಮೇಲಿನವರು ಬರೆದ ಕಥೆ, ನಿಜವೋ ಸುಳ್ಳೋ, ಆದ್ರೆ ಸೋಲು ನಿಜ. ಬಂದರಿನ ಬಾಯಲ್ಲಿ ಅವನ ಹಡಗುಗಳು ಒಂದಕ್ಕೊಂದು ಸಿಕ್ಕಿ ಹಾಕ್ಕೊಂಡು ಹುಟ್ಟು ಮುರ್ಕೊಳ್ತಾ ಇರುವಾಗ ಕಾರ್ಥೇಜಿನ ಅದರ್ಬಾಲ್ ಇನ್ನೊಂದು ಬದಿಯಿಂದ ಜಾರಿ ಹೊರಗೆ ಬಂದು ಸುತ್ತುವರೆದ. 93 ಹಡಗು ಕಾರ್ಥೇಜಿನ ಕೈಗೆ. ಈ 93 ನೆನಪಿರಲಿ. ಅದೇ ವರ್ಷ ಇನ್ನೊಬ್ಬ ಕಾನ್ಸುಲ್‌ನ ಹಡಗುಪಡೆ ಸರಕಿನ ಹಡಗುಗಳ ಸಮೇತ ಬಿರುಗಾಳಿಗೆ ಸರ್ವನಾಶ. ಪುಲ್ಕರ್‌ಗೆ ಏನಾಯ್ತು? ಕೇಸು, ದಂಡ. ಶಿಲುಬೆ ಅಲ್ಲ, ದಂಡ. ಅವನ ತಂಗಿ ಕ್ಲಾಡಿಯಾದು ಇನ್ನೊಂದು ಪ್ರಸಂಗ. 246ರಲ್ಲಿ ಆಟೋಟ ನೋಡ್ಕೊಂಡು ಮನೆಗೆ ಹೋಗುವಾಗ ಜನಜಂಗುಳೀಲಿ ಸಿಕ್ಕಾಕ್ಕೊಂಡು, "ನಮ್ಮಣ್ಣ ಬದುಕಿದ್ದು ಇನ್ನೊಂದು ಹಡಗುಪಡೆ ಮುಳುಗಿಸಿದ್ದಿದ್ರೆ ಈ ರಶ್ ಇರ್ತಿರಲಿಲ್ಲ" ಅಂದಳಂತೆ. ಅವಳಿಗೂ ದಂಡ ಬಿತ್ತು. ಅವಳು ಹೇಳಿದ್ದು ಕ್ರೂರ, ಆದ್ರೆ ಸುಳ್ಳಲ್ಲ. ರೋಮಿನ ಜನಗಣತಿಯಲ್ಲಿ ಯುದ್ಧದ ಮುಂಚೆ 2 ಲಕ್ಷ 90 ಸಾವಿರದ ಆಸುಪಾಸು ಇದ್ದ ನಾಗರಿಕರ ಸಂಖ್ಯೆ ಈ ಹೊತ್ತಿಗೆ 2 ಲಕ್ಷ 40 ಸಾವಿರದ ಹತ್ತಿರಕ್ಕೆ ಇಳಿದಿತ್ತು. ಅದರಲ್ಲೂ ಹುಟ್ಟು ಹಾಕ್ತಾ ಸತ್ತೋರಲ್ಲಿ ಎಷ್ಟೋ ಜನ ರೋಮಿನವರೇ ಅಲ್ಲ, ಇಟಲಿಯ ಬೇರೆ ಊರುಗಳಿಂದ ಕರೆಸಿದವರು, ಅವರು ಈ ಗಣತೀಲಿ ಇಲ್ಲವೇ ಇಲ್ಲ.

ಈಗ ನೋಡಿ, 249ರಿಂದ 242ರವರೆಗೆ ಸಮುದ್ರ ಖಾಲಿ. ರೋಮಿಗೆ ಹಡಗಿಲ್ಲ. ಕಾರ್ಥೇಜ್ ಆಗ ಮನಸ್ಸು ಮಾಡಿದ್ರೆ? ಮಾಡಲಿಲ್ಲ. ನನ್ನ ಪ್ರಕಾರ ಯುದ್ಧ ಸೋತದ್ದು ಇಲ್ಲಿ, ಗೆದ್ದ ವರ್ಷಗಳಲ್ಲಿ. ಎದುರಾಳಿಗೆ ಹಡಗಿಲ್ಲ ಅಂದ್ಮೇಲೆ ನಮಗ್ಯಾಕೆ ಇಷ್ಟು ಖರ್ಚು ಅಂತ ಹಡಗುಪಡೆಯನ್ನ ಮೂಲೆಗೆ ತಳ್ಳಿದ್ರು, ದುಡ್ಡು ಜನ ಎಲ್ಲ ಆಫ್ರಿಕಾ ಒಳಗಿನ ಜಮೀನು ಗೆಲ್ಲೋಕೆ ಹೋಯ್ತು. ಸಿಸಿಲೀಲಿ 247ರಿಂದ ಹ್ಯಾಮಿಲ್ಕರ್ ಬಾರ್ಕಾ, ದೊಡ್ಡ ಹ್ಯಾನಿಬಲ್‌ನ ಅಪ್ಪ, ಮಗ ಹುಟ್ಟಿದ್ದೂ ಅದೇ ವರ್ಷ, ಗುಡ್ಡದ ಮೇಲೆ ಕೂತು ರೋಮನ್ನರಿಗೆ ನಿದ್ದೆ ಇಲ್ಲದ ಹಾಗೆ ಮಾಡ್ತಾ ಇದ್ದ, ಆದ್ರೆ ಅವನಿಗೆ ಕಳಿಸಿದ್ದು ಅಷ್ಟಕ್ಕಷ್ಟೇ. ಈಜಿಪ್ಟಿನ ದೊರೆ ಟಾಲೆಮಿ ಹತ್ರ 2000 ಟ್ಯಾಲೆಂಟ್ ಸಾಲ ಕೇಳಿದ್ರು. ಒಂದು ಟ್ಯಾಲೆಂಟ್ ಅಂದ್ರೆ ಸುಮಾರು 26 ಕೆಜಿ ಬೆಳ್ಳಿ. ಅವನು, ನೀವಿಬ್ರೂ ನಂಗೆ ಸ್ನೇಹಿತರು, ಸ್ನೇಹಿತರ ವಿರುದ್ಧ ಸ್ನೇಹಿತರಿಗೆ ಹೇಗೆ ಕೊಡ್ಲಿ ಅಂತ ನಯವಾಗಿ ಜಾರ್ಕೊಂಡ. ಸಾಲ ಕೊಡದೇ ಇರೋಕೆ ನೆಂಟರು ಹೇಳೋ ಮಾತಿನ ಹಾಗೇ ಇದೆ.

ವ್ಯಾಪಾರಿಗಳು ಲೆಕ್ಕ ನೋಡ್ತಾರೆ, ಸೈನಿಕರು ನೋಡಲ್ಲ, ಅದಕ್ಕೇ ರೋಮ್ ಗೆಲ್ತು ಅಂತ ಹಳೇ ಪುಸ್ತಕದಲ್ಲಿ ಬರೀತಾರೆ. ನಂಗೆ ಅದು ಒಪ್ಪಿಗೆ ಇಲ್ಲ, ಯಾಕಂದ್ರೆ ಮುಂದೆ ರೋಮ್ ಮಾಡಿದ್ದು ಶುದ್ಧ ಲೆಕ್ಕದ ಕೆಲಸ. ಖಜಾನೆ ಖಾಲಿ ಇತ್ತು. ಆಗ ದುಡ್ಡಿದ್ದವರು ಒಬ್ಬೊಬ್ಬರೇ, ಇಲ್ಲ ಇಬ್ಬರು ಮೂರು ಜನ ಸೇರ್ಕೊಂಡು ತಲಾ ಒಂದೊಂದು ಹಡಗು ಸಕಲ ಸಾಮಾನು ಸಮೇತ ಮಾಡಿಸಿಕೊಡ್ತೀವಿ ಅಂತ ಮುಂದೆ ಬಂದ್ರು. ಷರತ್ತು ಒಂದೇ, ಗೆದ್ರೆ ಸರ್ಕಾರ ದುಡ್ಡು ವಾಪಸ್ ಕೊಡಬೇಕು. ಸೋತ್ರೆ? ಹೋಯ್ತು. ನಮ್ಮ ಚೀಟಿ ವ್ಯವಹಾರ ನೆನಪಾಗುತ್ತಲ್ವಾ, ಕೂಡಿ ಹಾಕೋದು, ಸಿಕ್ಕಾಗ ತಗೊಳ್ಳೋದು. ಹೀಗೆ 200 ಹಡಗು ಆಯ್ತು. ದೇಶಭಕ್ತಿ ಅಂತ ಪೊಲಿಬಿಯಸ್ ಹೊಗಳ್ತಾನೆ, ಇರಬಹುದು, ಸಿಸಿಲಿಯ ಗೋಧಿ ಕಣ್ಣೆದುರು ಇತ್ತು ಅನ್ನೋದೂ ಇದೆ. ಈ ಸಲ ಕಾಪಿ ಹೊಡೆದದ್ದು ಬೇರೆ ಹಡಗು. ಲಿಲಿಬೇಯಂ ಮುತ್ತಿಗೆ ನಡೆಯುವಾಗ ರೋಡ್ಸಿನವನು ಅಂತ ಅಡ್ಡಹೆಸರಿನ ಒಬ್ಬ ಹ್ಯಾನಿಬಲ್, ಹೌದು ಇನ್ನೊಬ್ಬ, ರೋಮನ್ನರ ಕಾವಲಿನ ಮಧ್ಯೆಯೇ ಹಾಡುಹಗಲು ಹಡಗು ನುಗ್ಗಿಸಿ ಒಳಗೆ ಹೊರಗೆ ಓಡಾಡ್ತಾ, ಹೊರಗೆ ಬಂದು ಹುಟ್ಟು ಎತ್ತಿ ನಿಂತು ಬನ್ರೋ ಅಂತ ಕೆಣಕ್ತಾ ಇದ್ದ. ಕೊನೆಗೊಂದು ದಿನ ಸಿಕ್ಕಿಬಿದ್ದ. ಅವನ ಆ ಚುರುಕು ಹಡಗೇ ಹೊಸ 200ಕ್ಕೆ ಮಾದರಿ. ಕಾಗೆ ಇಲ್ಲ, ಭಾರ ಇಲ್ಲ, ದಿನಾ ಬಿಡದೆ ತಾಲೀಮು.

241 ಮಾರ್ಚ್ 10, ಸಿಸಿಲಿಯ ಪಶ್ಚಿಮಕ್ಕಿರೋ ಈಗೇಟ್ಸ್ ದ್ವೀಪಗಳ ಹತ್ರ. ಕಾರ್ಥೇಜ್ ಅವಸರದಲ್ಲಿ ಹಡಗು ತುಂಬಿಸಿ ಕಳಿಸಿತ್ತು, ಹ್ಯಾಮಿಲ್ಕರನ ಸೈನಿಕರಿಗೆ ಗೋಧಿ ಇಳಿಸಿ, ಅವರನ್ನ ಹತ್ತಿಸ್ಕೊಂಡು ಆಮೇಲೆ ಯುದ್ಧ ಮಾಡೋದು ಅಂತ. ಹುಟ್ಟು ಹಾಕೋರು ಹೊಸಬರು. ಗಾಳಿ ಅವರ ಕಡೆಗಿತ್ತು, ರೋಮಿನ ಸೇನಾಪತಿ ಕಟ್ಯುಲಸ್‌ಗೆ ಎದುರು. ಗೋಧಿ ಇಳಿಸೋಕೆ ಬಿಟ್ರೆ ಹ್ಯಾಮಿಲ್ಕರ್ ಹತ್ತುತ್ತಾನೆ, ಎದುರು ಗಾಳಿಗೆ ಹೋದ್ರೂ ಸರಿ ಅಂತ ಅವನು ನುಗ್ಗಿದ. ಭಾರದ ಹಡಗು ತಿರುಗಲಿಲ್ಲ. 50 ಮುಳುಗಿದವು, 70 ಸೆರೆ. ಅಷ್ಟೇ, ಒಂದು ಬೆಳಗಿನ ಕೆಲಸ. ಕಾರ್ಥೇಜ್ ಹತ್ರ ಇನ್ನೊಂದು ಹಡಗುಪಡೆಗೆ ದುಡ್ಡಿರಲಿಲ್ಲ, ಇದ್ದಿದ್ರೆ ಅವರೂ ಕಟ್ತಿದ್ರೇನೋ. 364ರಲ್ಲಿ 80 ಉಳಿದಾಗ ರೋಮ್ ಕಟ್ಟಿತ್ತಲ್ಲ.

ಒಪ್ಪಂದದಲ್ಲಿ ಸಿಸಿಲಿ ಬಿಡಬೇಕು, 20 ವರ್ಷದಲ್ಲಿ 2200 ಟ್ಯಾಲೆಂಟ್ ಕೊಡಬೇಕು ಅಂತ ಕಟ್ಯುಲಸ್ ಬರೆಸಿದ. ರೋಮಿನ ಜನಸಭೆ ಒಪ್ಪಲಿಲ್ಲ, 3200 ಮಾಡಿ, 1000 ಈಗಲೇ, ಉಳಿದದ್ದು 10 ವರ್ಷದಲ್ಲಿ ಅಂದ್ರು. 80 ಟನ್‌ಗೂ ಹೆಚ್ಚು ಬೆಳ್ಳಿ. ಹಡಗಿಗೆ ದುಡ್ಡು ಹಾಕಿದವರಿಗೆ ಬೇಗ ವಾಪಸ್ ಬೇಕಿತ್ತು ಅನ್ಸುತ್ತೆ, ಇದು ನನ್ನ ಊಹೆ.

ಆ ಕಡೆ ಕಾರ್ಥೇಜಿಗೆ ಸಿಸಿಲಿಯಿಂದ ವಾಪಸ್ ಬಂದ 20 ಸಾವಿರ ಬಾಡಿಗೆ ಸೈನಿಕರು ಸಂಬಳದ ಬಾಕಿ ಕೇಳ್ತಾ ಕೂತ್ರು. ಗಿಸ್ಕೋ ಅನ್ನೋ ಅಧಿಕಾರಿ ಬುದ್ಧಿವಂತ, ಅವರನ್ನ ಸಣ್ಣ ಸಣ್ಣ ತಂಡ ಮಾಡಿ ಕಳಿಸಿದ್ದ, ಬಂದ ಹಾಗೆ ಬಾಕಿ ಕೊಟ್ಟು ಊರಿಗೆ ಕಳಿಸಿಬಿಡಲಿ ಅಂತ. ಇವರು ಎಲ್ಲರೂ ಬರಲಿ, ಒಟ್ಟಿಗೆ ಕೂರಿಸಿ ಸ್ವಲ್ಪ ಕಮ್ಮಿಗೆ ಒಪ್ಪಿಸೋಣ ಅಂತ ಕಾದ್ರು. 20 ಸಾವಿರ ಜನ ಆಯುಧ ಇರೋರನ್ನ ಒಂದು ಕಡೆ ಸೇರಿಸಿ, ಸಂಬಳ ಕಟ್ ಮಾಡ್ತೀವಿ ಅನ್ನೋದು. ಸ್ಪೇನಿನವರು, ಗಾಲ್‌ಗಳು, ಲಿಬಿಯಾದವರು, ಒಬ್ಬರ ಭಾಷೆ ಒಬ್ಬರಿಗೆ ಬರಲ್ಲ, ಸಮಾಧಾನ ಮಾಡೋಕೆ ಹೋದ್ರೆ ಅರ್ಧ ಜನಕ್ಕೆ ಅರ್ಥವೇ ಆಗಲ್ಲ. ಎಲ್ಲರಿಗೂ ಅರ್ಥ ಆಗ್ತಿದ್ದ ಒಂದೇ ಪದ 'ಹೊಡಿ' ಅಂತಾನೆ ಪೊಲಿಬಿಯಸ್. ದಂಗೆ ಎದ್ದಿತು, ಮೂರು ವರ್ಷ ನಾಲ್ಕು ತಿಂಗಳು. ಅದಕ್ಕೆ ಲಿಬಿಯಾದ ಹಳ್ಳಿಗಳೂ ಸೇರಿದವು, ಯಾಕಂದ್ರೆ ಯುದ್ಧದ ವರ್ಷಗಳಲ್ಲಿ ಅವರು ಬೆಳೆದದ್ದರಲ್ಲಿ ಅರ್ಧ ಕಿತ್ಕೊಂಡಿದ್ರು, ತೆರಿಗೆ ಬಾಕಿಗೆ ಗಂಡ, ಅಪ್ಪಂದಿರನ್ನ ಎಳ್ಕೊಂಡು ಹೋಗಿದ್ರು. ಅಲ್ಲಿನ ಹೆಂಗಸರು ಮೈಮೇಲಿನ ಒಡವೆ ಬಿಚ್ಚಿ ದಂಗೆಕೋರರ ಸಂಬಳಕ್ಕೆ ಕೊಟ್ರಂತೆ. ಈ ಗಲಾಟೇಲಿ ರೋಮ್ ಸದ್ದಿಲ್ಲದೆ ಸಾರ್ಡೀನಿಯಾ ದ್ವೀಪವನ್ನೂ ಎತ್ತಿ ಹಾಕ್ಕೊಂಡು, ಮೇಲೆ ಇನ್ನೊಂದು 1200 ಟ್ಯಾಲೆಂಟ್ ಜಡಿದ್ರು. ರೋಮ್ ಅಂದ್ರೆ ಪ್ರೀತಿ ಇಟ್ಕೊಂಡಿದ್ದ ಪೊಲಿಬಿಯಸ್‌ಗೇ ಇದನ್ನ ಸಮರ್ಥಿಸೋಕೆ ಆಗಿಲ್ಲ.

ಕೊನೆಗೆ ಒಬ್ರು ಹಿರಿಯರು ಕೇಳಿದ್ರು, "ಇದಕ್ಕೆಲ್ಲ ಸಾಕ್ಷಿ ಏನಪ್ಪಾ, ಒಬ್ಬ ಗ್ರೀಕ್ ಬರೆದದ್ದು ಬಿಟ್ರೆ?"

ಈಗ ಇದೆ ಸರ್. 2004ರಲ್ಲಿ ಸಿಸಿಲಿಯ ಟ್ರಾಪಾನಿ ಊರಲ್ಲಿ, ಅದೇ ಹಳೇ ಡ್ರೆಪಾನಾ, ಒಬ್ಬ ಡೆಂಟಿಸ್ಟ್ ಹತ್ರ ಇದ್ದ ಒಂದು ಹಳೇ ಕಂಚಿನ ವಸ್ತುವನ್ನ ಪೊಲೀಸರು ವಶಪಡಿಸ್ಕೊಂಡ್ರು. ಮೀನುಗಾರರ ಬಲೆಗೆ ಸಿಕ್ಕಿದ್ದು. ನೋಡಿದ್ರೆ ಯುದ್ಧದ ಹಡಗಿನ ಗುದ್ದುಮೂತಿ. ಸೆಬಾಸ್ಟಿಯಾನೋ ಟೂಸಾ ಅನ್ನೋ ಪುರಾತತ್ವಜ್ಞ ಆ ಕೊನೇ ಯುದ್ಧ ನಡೆದದ್ದು ಈಗೇಟ್ಸ್‌ನಲ್ಲಿ ಒಂದಾದ ಲೆವಾಂಜೋ ದ್ವೀಪದ ಹತ್ರಾನೇ ಅಂತ ಹಟ ಹಿಡಿದು ಹುಡುಕಿಸಿದ್ರು, ಸುಮಾರು 80 ಮೀಟರ್ ಆಳದ ಕತ್ತಲಲ್ಲಿ ಇಲ್ಲಿವರೆಗೆ 20ಕ್ಕೂ ಹೆಚ್ಚು ಸಿಕ್ಕಿವೆ, ಜೊತೆಗೆ ಶಿರಸ್ತ್ರಾಣಗಳು, ಮಡಕೆಗಳು. ಮೂತಿಗಳು ಅಂದ್ಕೊಂಡದ್ದಕ್ಕಿಂತ ಚಿಕ್ಕವು, ಹಾಗಾಗಿ ಹಡಗೂ ಚಿಕ್ಕದಿರಬೇಕು, ಪೊಲಿಬಿಯಸ್ ಹೇಳಿದಷ್ಟು ಜನ ಹಿಡಿಸೋಕೆ ಸಾಧ್ಯ ಇಲ್ಲ ಅನ್ನೋ ವಾದ ಅಲ್ಲಿಂದಲೇ ಶುರು. ಒಂದರ ಮೇಲೆ ಪ್ಯೂನಿಕ್ ಅಕ್ಷರದಲ್ಲಿ ಬಾಲ್ ದೇವರಿಗೆ ಪ್ರಾರ್ಥನೆ. ಬಹಳಷ್ಟರ ಮೇಲೆ ಲ್ಯಾಟಿನ್, ಅದೂ ರೋಮಿನ ಕ್ವೆಸ್ಟರ್‌ಗಳ ಹೆಸರು, ಅಂದ್ರೆ ಖಜಾನೆ ಅಧಿಕಾರಿಗಳು, ಜೊತೆಗೆ 'ಪರೀಕ್ಷಿಸಿ ಒಪ್ಪಿದ್ದೇನೆ' ಅನ್ನೋ ಅರ್ಥದ ಒಂದು ಪದ. ನಮ್ಮಲ್ಲಿ ಬಿಲ್ ಪಾಸ್ ಮಾಡೋವಾಗ ಇಂಜಿನಿಯರ್ ಸೀಲು ಹಾಕ್ತಾರಲ್ಲ ಹಾಗೆ.

ಆದ್ರೆ ಸೋತದ್ದು ಕಾರ್ಥೇಜ್, ಮುಳುಗಿದ್ದು ಹೆಚ್ಚು ಅವರ ಹಡಗು. ತಳದಲ್ಲಿ ರೋಮಿನ ಸೀಲು ಇರೋ ಮೂತಿಗಳೇ ಯಾಕೆ ಹೆಚ್ಚಿವೆ ಅಂತ ಪುರಾತತ್ವಜ್ಞರು ತಲೆ ಕೆಡಿಸ್ಕೊಂಡ್ರು. ಡ್ರೆಪಾನಾದಲ್ಲಿ ಹೋದ 93 ಹಡಗು ನೆನಪಿದೆ ಅಲ್ವಾ? ದುಡ್ಡಿಲ್ಲದ ಕಾರ್ಥೇಜ್ ಅವನ್ನೇ ರಿಪೇರಿ ಮಾಡಿ, ಗೋಧಿ ತುಂಬಿಸಿ, ಕೊನೇ ಯುದ್ಧಕ್ಕೆ ಕಳಿಸಿರಬೇಕು ಅನ್ನೋದು ಅವರಲ್ಲಿ ಹಲವರ ಅಭಿಪ್ರಾಯ. ರೋಮ್ ಕಟ್ಟಿ, ರೋಮ್ ಸೀಲು ಹಾಕಿ, ರೋಮ್ ಕಳ್ಕೊಂಡು, ಕೊನೆಗೆ ರೋಮೇ ಮುಳುಗಿಸಿದ ಹಡಗುಗಳು. ಪೊಲಿಬಿಯಸ್ ಇಂಥವನ್ನ 700ರಲ್ಲಿ ಎಣಿಸಿದ್ನೋ, 500ರಲ್ಲಿ ಎಣಿಸಿದ್ನೋ, ಅಥವಾ ಎರಡರಲ್ಲೂ ಸೇರಿಸ್ಬಿಟ್ನೋ ಅಂತ ಆ ಹಿರಿಯರು ಕೇಳಿದ್ರು, ಅಷ್ಟರಲ್ಲಿ ಕಾಫಿ ಬಂತು.